ಪಾಪನಿವೇದನೆಗೆ ಹೋಗೋ ಮುಂಚೆ, ಒಳಗೆ ಕೂತಾಗ, ಹೊರಗೆ ಬಂದ ಮೇಲೆ: ಮನಸ್ಸು ವಾಸಿಯಾಗೋಕೆ ಏನೇನ್ ಮಾಡ್ಬೇಕು

ನಮ್ಮಲ್ಲಿ ಎಷ್ಟೋ ಜನ ಭಾನುವಾರದ ಪೂಜೆ ತಪ್ಪಿಸಲ್ಲ, ರಾತ್ರಿ ಜಪಸರ ತಪ್ಪಿಸಲ್ಲ, ಸೆಪ್ಟೆಂಬರ್ ಬಂತು ಅಂದ್ರೆ ಶಿವಾಜಿನಗರದ ಮರಿಯಮ್ಮನ ಹಬ್ಬಕ್ಕೆ ಕಾವಿ ಸೀರೆ ಉಟ್ಕೊಂಡು ಹೊರಡ್ತಾರೆ, ಆದ್ರೆ ಪಾಪನಿವೇದನೆಗೆ, ಅಂದ್ರೆ ಫಾದರ್ ಎದುರು ತಪ್ಪು ಒಪ್ಕೊಂಡು ಕ್ಷಮೆ ಪಡೆಯೋದಕ್ಕೆ, ಹೋಗಿ ಎಷ್ಟು ವರ್ಷ ಆಯ್ತು ಅಂತ ಕೇಳಿದ್ರೆ ಮಾತು ಬದಲಾಯಿಸ್ತಾರೆ. ಮದುವೆಗೆ ಮುಂಚೆ ಹೋಗಿದ್ದೇ ಕೊನೆ ಅನ್ನೋರು ಬೇಕಾದಷ್ಟು ಜನ ಸಿಗ್ತಾರೆ. ದೇವ್ರ ಹತ್ರ ನೇರವಾಗಿ ಹೇಳ್ಕೊಂಡ್ರೆ ಸಾಕಲ್ವಾ, ಮಧ್ಯದಲ್ಲಿ ಫಾದರ್ ಯಾಕೆ ಅನ್ನೋ ಪ್ರಶ್ನೆ ಹಿಂದೇನೇ ಬರುತ್ತೆ.

ನನ್ನ ಅಭಿಪ್ರಾಯ ಏನಪ್ಪಾ ಅಂದ್ರೆ, ಒಬ್ರೇ ಕೂತು ಪ್ರಾರ್ಥನೆ ಮಾಡುವಾಗ ನಾವು ತುಂಬಾ ಜಾಣತನ ಮಾಡ್ತೀವಿ. "ಸ್ವಾಮಿ, ನಾನು ಪಾಪಿ, ಕರುಣೆ ಇಡು" ಅಂತ ಒಂದೇ ಮಾತಲ್ಲಿ ಎಲ್ಲಾ ಮುಗಿಸಿಬಿಡ್ತೀವಿ, ಅಣ್ಣನ ಸೈನ್ ನಾವೇ ಹಾಕಿ ಜಮೀನಿನ ಪೇಪರ್ ಮಾಡಿಸಿದ್ದು ಮಾತ್ರ ಆ ಮಾತಿನೊಳಗೆ ಎಲ್ಲೋ ಅಡಗಿ ಕೂತಿರುತ್ತೆ. ಇನ್ನೊಬ್ಬ ಮನುಷ್ಯನ ಎದುರು ಬಾಯಿಬಿಟ್ಟು ಹೇಳುವಾಗ ಅದಕ್ಕೆ ಅಡಗೋಕೆ ಜಾಗ ಇರಲ್ಲ. ಮನಸ್ಸು ವಾಸಿಯಾಗೋದು ಬಹಳ ಮಟ್ಟಿಗೆ ಅಲ್ಲಿಂದ್ಲೇ ಶುರು. ಹಾಗಂತ ಪ್ರಾರ್ಥನೆ ಇಲ್ಲದೆ ಬರೀ ನಿವೇದನೆಗೆ ಹೋದ್ರೆ ಅದೊಂದು ಲಿಸ್ಟ್ ಓದಿ ಬಂದಂಗೆ ಆಗುತ್ತೆ. ಎರಡೂ ಬೇಕು, ಯಾವುದು ಮೊದಲು ಯಾವುದು ಆಮೇಲೆ ಅನ್ನೋದೂ ಮುಖ್ಯ. ನಾನು ಕ್ಯಾಥೊಲಿಕ್ ಪದ್ಧತಿ ಹಿಡ್ಕೊಂಡು ಬರೀತಿದೀನಿ, ಸಿಎಸ್‌ಐ, ಪೆಂಟೆಕೋಸ್ಟ್ ತರದ ಪ್ರೊಟೆಸ್ಟೆಂಟ್ ಸಭೆಯವರಿಗೆ (ಸಭೆ ಅಂದ್ರೆ ಇಲ್ಲಿ ಚರ್ಚು) ಮುಂದೆ ಬೇರೆಯಾಗಿ ಬರೆದಿದೀನಿ.

ಶುರು ಮಾಡೋ ಮುಂಚೆ ಒಂದು ವಿಷ್ಯ ಕ್ಲಿಯರ್ ಆಗ್ಲಿ

ಕಾಯಿಲೆ ಬಂದಿದೆ ಅಂದ್ರೆ ಪಾಪ ಮಾಡಿದೀಯ ಅಂತ ಹೇಳೋರ ಮಾತು ಕಿವಿಗೆ ಹಾಕ್ಕೋಬೇಡಿ. ಬೈಬಲಿನ ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನನ್ನ ನೋಡಿ ಶಿಷ್ಯರು ಇದನ್ನೇ ಕೇಳ್ತಾರೆ, ಇವನು ಪಾಪ ಮಾಡಿದ್ನಾ, ಇವನ ಅಪ್ಪ ಅಮ್ಮ ಮಾಡಿದ್ರಾ ಅಂತ. ಇವನೂ ಅಲ್ಲ, ಅವರೂ ಅಲ್ಲ ಅಂತ ಯೇಸು ನೇರವಾಗಿ ಹೇಳ್ತಾರೆ. ಇಷ್ಟು ಸ್ಪಷ್ಟವಾಗಿ ಬರೆದಿದ್ರೂ ಕ್ಯಾನ್ಸರ್ ಬಂದವರ ಮನೆಗೆ ಹೋಗಿ "ಏನಾದ್ರೂ ಮುಚ್ಚಿಟ್ಟಿದೀರಾ ನೋಡಿ" ಅನ್ನೋರು ಇದ್ದಾರೆ, ಅದಕ್ಕಿಂತ ಕ್ರೂರವಾದ ಮಾತು ಇನ್ನೊಂದಿಲ್ಲ.

ಇನ್ನೊಂದು ಕಡೆ ಮಾರ್ಕನ ಸುವಾರ್ತೆ 2ನೇ ಅಧ್ಯಾಯ ಇದೆ. ಕಪೆರ್ನೌಮಿನಲ್ಲಿ ನಾಲ್ಕು ಜನ ಸೇರಿ ಪಾರ್ಶ್ವವಾಯು ಹೊಡೆದವನನ್ನ ಹೊತ್ಕೊಂಡು ಬರ್ತಾರೆ, ಬಾಗಿಲ ಹತ್ರ ಜನಜಂಗುಳಿ, ಒಳಗೆ ಹೋಗೋಕಾಗಲ್ಲ, ಮನೆ ಛಾವಣಿನೇ ಕಿತ್ತು ಕೆಳಗೆ ಇಳಿಸ್ತಾರೆ. ಎಲ್ರೂ ಕಾಯ್ತಿರೋದು ಅವನು ಎದ್ದು ನಡೀತಾನಾ ಅಂತ. ಯೇಸು ಮೊದಲು ಹೇಳೋದು ನಿನ್ನ ಪಾಪ ಕ್ಷಮಿಸಲಾಗಿದೆ ಅಂತ, ಎದ್ದು ಹಾಸಿಗೆ ಎತ್ಕೊಂಡು ನಡಿ ಅನ್ನೋದು ಆಮೇಲೆ. ಈ ಎರಡು ಅಧ್ಯಾಯ ಪಕ್ಕಪಕ್ಕ ಇಟ್ಕೊಂಡು ಓದಿ. ಕಾಯಿಲೆಗೆ ಪಾಪ ಕಾರಣ ಅಂತ ತೀರ್ಪು ಕೊಡೋ ಹಾಗಿಲ್ಲ, ಆದ್ರೆ ಮನುಷ್ಯನಿಗೆ ಮೈ ವಾಸಿಯಾಗೋದ್ರ ಜೊತೆ ಇನ್ನೂ ಒಂದು ವಾಸಿ ಬೇಕಾಗಿರುತ್ತೆ. ಕ್ಯಾಥೊಲಿಕ್ ಸಭೆ ಏಳು ಸಂಸ್ಕಾರಗಳಲ್ಲಿ ಎರಡನ್ನ, ಅಂದ್ರೆ ಪಾಪನಿವೇದನೆ ಮತ್ತೆ ರೋಗಿಗಳಿಗೆ ಎಣ್ಣೆ ಹಚ್ಚೋ ಸಂಸ್ಕಾರನ, ಗುಣಪಡಿಸೋ ಸಂಸ್ಕಾರಗಳು ಅಂತಾನೇ ಕರೆಯುತ್ತೆ.

ಅದಕ್ಕೇ ಯಾವ ಟ್ರೀಟ್‌ಮೆಂಟೂ ನಿಲ್ಲಿಸಬೇಡಿ. ಶುಗರ್ ಮಾತ್ರೆ, ಬಿಪಿ ಮಾತ್ರೆ, ಡಿಪ್ರೆಶನ್‌ಗೆ ಕೊಟ್ಟ ಮಾತ್ರೆ, ಯಾವುದನ್ನೂ ಪ್ರಾರ್ಥನೆ ಮಾಡಿದೀನಿ ಅಂತ ಬಿಡ್ಬೇಡಿ. ಫ್ರಾನ್ಸಿನ ಲೂರ್ದ್ ಮಾತೆ ಸನ್ನಿಧಿಯಲ್ಲಿ 1883ರಿಂದ ಡಾಕ್ಟರುಗಳ ಒಂದು ಆಫೀಸೇ ಇದೆ, ಗುಣ ಆಯ್ತು ಅಂತ ಬಂದವರ ದಾಖಲೆ ಎಲ್ಲಾ ಅಲ್ಲಿ ಪರೀಕ್ಷೆ ಮಾಡ್ತಾರೆ. ಏಳು ಸಾವಿರಕ್ಕೂ ಹೆಚ್ಚು ಜನ ಗುಣ ಆಗಿದೀನಿ ಅಂತ ಹೇಳ್ಕೊಂಡಿದ್ರೂ ಸಭೆ ಅದ್ಭುತ ಅಂತ ಒಪ್ಪಿರೋದು ಎಪ್ಪತ್ತರ ಆಸುಪಾಸು ಅಷ್ಟೇ, 70ನೇದನ್ನ ಒಪ್ಪಿದ್ದು 2018ರಲ್ಲಿ. ಲೂರ್ದ್‌ನಲ್ಲೇ ಇಷ್ಟು ಹುಷಾರಾಗಿರುವಾಗ, ಸ್ಟೇಜ್ ಮೇಲೆ ಮೈಕ್ ಹಿಡ್ಕೊಂಡು ಐದು ನಿಮಿಷಕ್ಕೊಂದು ಅದ್ಭುತ ಘೋಷಣೆ ಮಾಡೋರನ್ನ ನಂಬೋ ಮುಂಚೆ ಸ್ವಲ್ಪ ಯೋಚ್ನೆ ಮಾಡ್ಬಹುದು.

ಮೊದಲು ಸುಮ್ನೆ ಕೂತ್ಕೊಳ್ಳಿ

ತಪ್ಪುಗಳ ಲಿಸ್ಟಿನಿಂದ ಶುರು ಮಾಡ್ಬೇಡಿ. ಒಂದು ಇಪ್ಪತ್ತು ನಿಮಿಷ ಫೋನ್ ಬೇರೆ ರೂಮಲ್ಲಿಟ್ಟು ಕೂತ್ಕೊಳ್ಳಿ, ಮನೆಯಲ್ಲಿ ಜಾಗ ಇಲ್ಲ ಅಂದ್ರೆ ಪೂಜೆ ಇಲ್ಲದ ಹೊತ್ತಲ್ಲಿ ಚರ್ಚಿಗೆ ಹೋಗಿ ಹಿಂದಿನ ಬೆಂಚಲ್ಲಿ ಕೂರಿ, ಮಧ್ಯಾಹ್ನದ ಹೊತ್ತು ಯಾರೂ ಇರಲ್ಲ. ಕೀರ್ತನೆ 32 ತೆಗೀರಿ. ಹೇಳ್ದೆ ಬಾಯಿಮುಚ್ಕೊಂಡು ಇದ್ದಷ್ಟು ದಿನ ನನ್ನ ಎಲುಬುಗಳೆಲ್ಲಾ ಸವೆದು ಹೋದ್ವು ಅನ್ನೋ ಅರ್ಥದ ಸಾಲು ಅದ್ರಲ್ಲಿದೆ. ಗುಟ್ಟು ಇಟ್ಕೊಂಡವನ ಮೈ ಹೆಂಗಾಗುತ್ತೆ ಅಂತ ಅಷ್ಟು ಹಿಂದೆನೇ ಬರೆದಿಟ್ಟಿದಾರೆ ನೋಡಿ, ನಿದ್ದೆ ಬರಲ್ಲ, ಹೊಟ್ಟೆ ಸರಿ ಇರಲ್ಲ, ಮಕ್ಕಳ ಮೇಲೆ ಸುಮ್ಸುಮ್ನೆ ರೇಗ್ತೀವಿ. ಆಮೇಲೆ ಕೀರ್ತನೆ 51. ಅದನ್ನ ರಾಜ ದಾವೀದ ಇನ್ನೊಬ್ಬನ ಹೆಂಡತಿ ಬತ್ಷೆಬೆ ವಿಷಯದಲ್ಲಿ ಪ್ರವಾದಿ ನಾತಾನನ ಕೈಲಿ ಸಿಕ್ಕಿಬಿದ್ದ ಮೇಲೆ ಹೇಳಿದ್ದು ಅಂತ ಮೇಲೇನೇ ಬರೆದಿರುತ್ತೆ.

ಪ್ರಾರ್ಥನೆಗೆ ಮಾತು ಬರ್ತಿಲ್ಲ ಅನ್ನೋರು "ಪ್ರಭು ಯೇಸುವೇ, ದೇವರ ಪುತ್ರನೇ, ಪಾಪಿಯಾದ ನನ್ನ ಮೇಲೆ ಕರುಣೆಯಿಡು" ಅನ್ನೋ ಒಂದೇ ಸಾಲನ್ನ ಉಸಿರಿನ ಜೊತೆ ಮೆಲ್ಲಗೆ ಹೇಳ್ತಾ ಇರಿ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಸನ್ಯಾಸಿಗಳು ನೂರಾರು ವರ್ಷದಿಂದ ಹೇಳ್ಕೊಂಡು ಬಂದಿರೋ ಪ್ರಾರ್ಥನೆ ಇದು. ಲೂಕನ ಸುವಾರ್ತೆ 18ರಲ್ಲಿ ಸುಂಕದವನು ದೇವಾಲಯದಲ್ಲಿ ದೂರ ನಿಂತು ಎದೆ ಬಡ್ಕೊಂಡು ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಹತ್ತು ನಿಮಿಷ ಆದ್ಮೇಲೆ ಮನಸ್ಸು ತಿಳಿಯಾಗುತ್ತೆ, ತಿಳಿ ಆಗ್ಲಿಲ್ಲ ಅಂದ್ರೂ ಪರವಾಗಿಲ್ಲ ಮುಂದಕ್ಕೆ ಹೋಗಿ.

ಆತ್ಮಶೋಧನೆ: ಟೈಮ್ ಕೊಡಬೇಕಾಗಿರೋದು ಇಲ್ಲೇ

ಜನ ತಪ್ಪೋದು ಇಲ್ಲೇ ಜಾಸ್ತಿ. ಹತ್ತು ಆಜ್ಞೆ ಇಟ್ಕೊಂಡು, ಕೊಲೆ ಮಾಡಿಲ್ಲ, ಕಳ್ಳತನ ಮಾಡಿಲ್ಲ ಅಂತ ಟಿಕ್ ಹಾಕ್ಕೊಂಡು, ಕೊನೆಗೆ "ಕೋಪ ಮಾಡ್ಕೊಂಡೆ, ಪ್ರಾರ್ಥನೆ ಮರೆತೆ" ಅಂತ ಎರಡು ಮಾತು ಇಟ್ಕೊಂಡು ಹೋಗ್ತಾರೆ. ಡಾಕ್ಟ್ರ ಹತ್ರ ಹೋಗಿ ಒಟ್ಟಾರೆ ಮೈ ಸರಿ ಇಲ್ಲ ಅಂದ್ರೆ ಅವರು ಏನಂತ ಮಾತ್ರೆ ಬರೀತಾರೆ? ಎಲ್ಲಿ ನೋವು, ಯಾವಾಗಿಂದ, ಯಾವ ಹೊತ್ತಲ್ಲಿ ಜಾಸ್ತಿ ಅಂತ ಹೇಳಲೇಬೇಕಲ್ವಾ.

ಲೊಯೋಲದ ಸಂತ ಇಗ್ನಾಸಿಯವರು (1491–1556) ಹೇಳಿಕೊಟ್ಟ ದಾರಿ ನಂಗೆ ಇವತ್ತಿಗೂ ಎಲ್ಲಕ್ಕಿಂತ ಉಪಯೋಗಕ್ಕೆ ಬರೋದು ಅನ್ಸುತ್ತೆ. ಮೊದಲು ದೇವ್ರಿಗೆ ಥ್ಯಾಂಕ್ಸ್ ಹೇಳೋದು, ಆಮೇಲೆ ನನ್ನನ್ನ ನಾನು ಸರಿಯಾಗಿ ನೋಡ್ಕೊಳ್ಳೋಕೆ ಬೆಳಕು ಕೊಡು ಅಂತ ಕೇಳೋದು, ಆಮೇಲೆ ದಿನವನ್ನ ಗಂಟೆ ಗಂಟೆಯಾಗಿ ಹಿಂದಕ್ಕೆ ನೋಡೋದು, ಕ್ಷಮೆ ಕೇಳೋದು, ನಾಳೆ ಏನು ಬದಲಾಯಿಸ್ತೀನಿ ಅಂತ ಒಂದು ತೀರ್ಮಾನ ಮಾಡೋದು. ಐದೇ ಹೆಜ್ಜೆ. ಥ್ಯಾಂಕ್ಸ್ ಮೊದಲು ಇರೋದು ಸುಮ್ನೆ ಅಲ್ಲ, ತನ್ನ ಮೇಲೆ ತನಗೇ ಅಸಹ್ಯ ಪಟ್ಕೊಂಡು ನೋಡೋಕೆ ಶುರು ಮಾಡಿದ್ರೆ ಕಣ್ಣು ಸರಿಯಾಗಿ ಕಾಣಲ್ಲ. ವರ್ಷಗಟ್ಟಲೆ ಬಿಟ್ಟೋರು ಇದೇ ಕ್ರಮವನ್ನ ದಿನದ ಬದಲು ಬದುಕಿಗೆ ಹಚ್ಚಿ, ಕಾಲೇಜು ದಿನ, ಮೊದಲ ಕೆಲಸ, ಮದುವೆ ಆದ್ಮೇಲೆ, ಅಪ್ಪ ಹೋದ್ಮೇಲೆ, ಹೀಗೆ ತುಂಡು ತುಂಡಾಗಿ ನೋಡ್ಕೊಂಡು ಬನ್ನಿ.

ನೋಡ್ತಾ ಹೋದಂಗೆ ಸಿಕ್ಕಿದ್ದಕ್ಕೆ ಅದರದ್ದೇ ಹೆಸರು ಇಡಿ. "ದುಡ್ಡಿನ ವಿಷಯದಲ್ಲಿ ಪ್ರಾಮಾಣಿಕವಾಗಿ ಇರ್ಲಿಲ್ಲ" ಅಂತ ಬರ್ಕೊಂಡ್ರೆ ಅದು ಏನೂ ಹೇಳಲ್ಲ, "ಚೀಟಿ ದುಡ್ಡು ಎತ್ಕೊಂಡು ಕಟ್ಟದೆ ತಪ್ಪಿಸ್ಕೊಂಡೆ" ಅಂತ ಬರ್ಕೊಳ್ಳಿ. "ಮನೆಯಲ್ಲಿ ಸ್ವಲ್ಪ ಸಮಸ್ಯೆ" ಅನ್ನೋದ್ರ ಹಿಂದೆ ಹೆಂಡತಿಗೆ ಕೈ ಮಾಡಿದ್ದು ಇದ್ರೆ ಅದನ್ನೇ ಬರ್ಕೊಳ್ಳಿ. ಕ್ರಿಕೆಟ್ ಬೆಟ್ಟಿಂಗ್ ಆ್ಯಪ್‌ನಲ್ಲಿ ಮಗಳ ಫೀಸ್ ದುಡ್ಡು ಹಾಕಿದ್ದು, ಫ್ಯಾಮಿಲಿ ಗ್ರೂಪಲ್ಲಿ ನಾದಿನಿ ಬಗ್ಗೆ ಹಬ್ಬಿಸಿದ ಮಾತು, ಅಮ್ಮನ್ನ ಯಾರು ನೋಡ್ಕೋಬೇಕು ಅಂತ ಜಗಳ ಬಂದಾಗ ಫೋನ್ ಎತ್ತದೇ ಇದ್ದಿದ್ದು. ಗಂಭೀರ ಪಾಪಗಳಾದ್ರೆ ಯಾವುದು, ಸುಮಾರು ಎಷ್ಟು ಸಲ ಅನ್ನೋದನ್ನ ಹೇಳ್ಬೇಕು ಅಂತ ಸಭೆಯ ನಿಯಮಾನೇ ಇದೆ, 16ನೇ ಶತಮಾನದಲ್ಲಿ ಧರ್ಮಾಧ್ಯಕ್ಷರು (ಬಿಷಪ್‌ಗಳು) ಸೇರಿದ್ದ ತ್ರೆಂತ್ ಮಹಾಸಭೆಯಿಂದ ಅದು ಸ್ಪಷ್ಟವಾಗಿ ನಡ್ಕೊಂಡು ಬಂದಿದೆ. ಗಂಭೀರ ಅಂತ ಯಾವಾಗ ಅನ್ನೋದಕ್ಕೆ ಮೂರು ನೋಡ್ಬೇಕು: ವಿಷಯ ದೊಡ್ಡದಿರ್ಬೇಕು, ಅದು ತಪ್ಪು ಅಂತ ಗೊತ್ತಿರ್ಬೇಕು, ಗೊತ್ತಿದ್ದೂ ಬೇಕು ಅಂತಾನೇ ಮಾಡಿರ್ಬೇಕು. ಮೂರರಲ್ಲಿ ಒಂದು ಇಲ್ಲ ಅಂದ್ರೂ ಅದು ಆ ಲೆಕ್ಕಕ್ಕೆ ಬರಲ್ಲ, ಹೇಳ್ಕೋಬಾರ್ದು ಅಂತೇನಿಲ್ಲ, ಹೇಳ್ಕೊಂಡ್ರೆ ಒಳ್ಳೇದೇ.

ಪೇಪರಲ್ಲಿ ಬರ್ಕೊಂಡು ಹೋಗ್ಬಹುದಾ ಅಂತ ಕೇಳ್ತಾರೆ. ಹೋಗ್ಬಹುದು, ಪಾಯಿಂಟ್ಸ್ ಮಾತ್ರ, ಬಂದ ತಕ್ಷಣ ಹರಿದು ಸುಟ್ಟುಹಾಕಿ. ಫೋನಲ್ಲಿ ಟೈಪ್ ಮಾಡಿ ಇಟ್ಕೋಬೇಡಿ, ಕ್ಲೌಡ್‌ಗೆ ಹೋಗಿ ಕೂತ್ಕೊಳ್ಳುತ್ತೆ ಆಮೇಲೆ ಮಗ ಟ್ಯಾಬ್ ತೆಗೆದಾಗ ಅಲ್ಲಿ ಕಾಣುತ್ತೆ.

ಲಿಸ್ಟಿನಲ್ಲಿ ಇರಬಾರದ್ದೂ ಇದೆ, ಇದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು ಅನ್ಸುತ್ತೆ. ನಿಮ್ಮ ಮೇಲೆ ಬೇರೆಯವರು ಮಾಡಿದ ಅನ್ಯಾಯ ನಿಮ್ಮ ಪಾಪ ಅಲ್ಲ. ಚಿಕ್ಕವರಿದ್ದಾಗ ಯಾರೋ ಮೈ ಮುಟ್ಟಿದ್ದನ್ನ ಇಷ್ಟು ವರ್ಷ ತನ್ನದೇ ತಪ್ಪು ಅಂತ ಹೊತ್ಕೊಂಡು ನಿವೇದನೆಗೆ ತರೋರು ಇದ್ದಾರೆ, ಅದಕ್ಕೆ ಕ್ಷಮೆ ಬೇಕಾಗಿರೋದು ಅವರಿಗಲ್ಲ. ಅಂಥ ನೋವನ್ನ ಪ್ರಾರ್ಥನೆಯಲ್ಲಿ ಇಡಿ, ಒಳ್ಳೆ ಕೌನ್ಸೆಲರ್ ಹತ್ರ ಮಾತಾಡಿ, ಈಗ್ಲೂ ಯಾವುದಾದ್ರೂ ಮಗುವಿಗೆ ಅಪಾಯ ಇದೆ ಅಂದ್ರೆ 1098ಕ್ಕೆ ಫೋನ್ ಮಾಡಿ. ಹಾಗೇನೇ ಡಿಪ್ರೆಶನ್ ಪಾಪ ಅಲ್ಲ, ಅಳು ಬರೋದು ಪಾಪ ಅಲ್ಲ, ಸತ್ತವರ ನೆನಪಲ್ಲಿ ದೇವರ ಮೇಲೆ ಕೋಪ ಬಂದಿದ್ದು, ಅದಂತೂ ಕೀರ್ತನೆಗಳಲ್ಲೇ ತುಂಬ್ಕೊಂಡಿದೆ.

ಎಲ್ಲಿಗೆ, ಯಾವಾಗ, ಯಾರ ಹತ್ರ

ಸಾಮಾನ್ಯವಾಗಿ ಧರ್ಮಕೇಂದ್ರಗಳಲ್ಲಿ (ಪ್ಯಾರಿಷ್) ಶನಿವಾರ ಸಂಜೆ ಅಥವಾ ಪೂಜೆಗೆ ಅರ್ಧ ಗಂಟೆ ಮುಂಚೆ ಫಾದರ್ ಕೂತಿರ್ತಾರೆ, ನೋಟಿಸ್ ಬೋರ್ಡಲ್ಲಿ ಹಾಕಿರ್ತಾರೆ. ಬೂದಿ ಬುಧವಾರದಿಂದ ಪವಿತ್ರ ವಾರದವರೆಗೆ, ಕ್ರಿಸ್‌ಮಸ್ ಹತ್ರ ಬಂದಾಗ, ಬೇರೆ ಬೇರೆ ಚರ್ಚಿನ ಫಾದರ್‌ಗಳನ್ನ ಕರೆಸಿ ಸಾಮೂಹಿಕವಾಗಿ ಸಿದ್ಧತೆ ಮಾಡಿಸಿ ಆಮೇಲೆ ಒಬ್ಬೊಬ್ಬರದ್ದೇ ನಿವೇದನೆ ಕೇಳ್ತಾರೆ. ಕ್ಯೂ ಉದ್ದ ಇರುತ್ತೆ, ಹಿಂದಿನವರು ಕೆಮ್ತಾ ಇರ್ತಾರೆ. ತುಂಬಾ ವರ್ಷ ಆದ್ಮೇಲೆ ಹೋಗೋರು ಆ ದಿನ ಹೋಗ್ಬೇಡಿ, ಪ್ಯಾರಿಷ್ ಆಫೀಸಿಗೆ ಫೋನ್ ಮಾಡಿ ಬೇರೆ ಟೈಮ್ ಕೇಳಿ, ಕೊಡ್ತಾರೆ.

ಪರಿಚಯದ ಫಾದರ್ ಹತ್ರ ಹೇಳೋಕೆ ನಾಚಿಕೆ ಅಂದ್ರೆ ಬೇರೆ ಚರ್ಚಿಗೆ ಹೋಗಿ, ಅದಕ್ಕೆ ಯಾರೂ ಏನೂ ಅನ್ನಲ್ಲ. ಬೆಂಗಳೂರಿನ ವಿವೇಕನಗರದ ಬಾಲಯೇಸು ಪುಣ್ಯಕ್ಷೇತ್ರ, ಕಾರ್ಕಳದ ಅತ್ತೂರು, ಮೈಸೂರು ಕಡೆಯ ಡೋರನಹಳ್ಳಿ ಸಂತ ಅಂತೋಣಿ ಬಸಿಲಿಕ, ಇಂಥ ಕಡೆ ಹೊರಗಿನಿಂದ ಬರೋ ಜನಾನೇ ಜಾಸ್ತಿ, ನೀವು ಯಾರು ಅಂತ ಗೊತ್ತಾಗಲ್ಲ. ಭಾಷೆ ಕೇಳ್ಕೊಳ್ಳಿ. ಬೆಂಗಳೂರಲ್ಲಿ ತಮಿಳು, ಕನ್ನಡ, ಇಂಗ್ಲಿಷ್, ಮಂಗಳೂರು ಕಡೆ ಕೊಂಕಣಿ ನಡೆಯುತ್ತೆ, ಮನೇಲಿ ಪ್ರಾರ್ಥನೆ ಮಾಡೋ ಭಾಷೆಯಲ್ಲೇ ಹೇಳ್ಕೊಳ್ಳೋದು ಒಳ್ಳೇದು, ಇಂಗ್ಲಿಷಲ್ಲಿ ಹೇಳುವಾಗ ತಪ್ಪುಗಳು ಯಾಕೋ ಸ್ವಲ್ಪ ಹಗುರ ಕೇಳಿಸ್ತವೆ. ಕೇರಳದ ಮುರಿಂಗೂರು ಡಿವೈನ್ ರಿಟ್ರೀಟ್ ಸೆಂಟರ್, ನಮ್ಮ ಮೂಲ್ಕಿಯ ಡಿವೈನ್ ಕಾಲ್ ಸೆಂಟರ್ ತರದ ಧ್ಯಾನಕೇಂದ್ರಗಳಿಗೆ ರಿಟ್ರೀಟ್‌ಗೆ ಹೋದ್ರೆ ಅಲ್ಲೂ ಪಾಪನಿವೇದನೆಗೆ ವ್ಯವಸ್ಥೆ ಇರುತ್ತೆ. ಕೆಲವರಿಗೆ ಮನೆಯಿಂದ ದೂರ ಇದ್ರೇನೇ ಬಾಯಿ ಬರುತ್ತೆ.

ಫೋನಲ್ಲಿ, ವಾಟ್ಸಾಪಲ್ಲಿ, ವಿಡಿಯೋ ಕಾಲಲ್ಲಿ ಈ ಸಂಸ್ಕಾರ ನಡೆಯಲ್ಲ, ಎದುರಿಗೆ ಇರ್ಲೇಬೇಕು. ದುಡ್ಡು ಕೊಡೋ ಹಾಗಿಲ್ಲ, ಯಾರಾದ್ರೂ ಕೇಳಿದ್ರೆ ಎದ್ದು ಬನ್ನಿ.

ಒಳಗೆ

ಇದು ಅಂದ್ಕೊಂಡಷ್ಟು ಕಷ್ಟ ಇಲ್ಲ. ಪರದೆ ಅಥವಾ ಜಾಲರಿ ಹಿಂದೆ ಮಂಡಿಯೂರಬಹುದು, ಎದುರುಬದುರು ಕುರ್ಚಿಯಲ್ಲೂ ಕೂರಬಹುದು, 1973ರಲ್ಲಿ ವಿಧಿ ಹೊಸದಾಗಿ ಬಂದ ಮೇಲೆ ಎರಡೂ ಇದೆ. ಶಿಲುಬೆ ಗುರುತು ಹಾಕ್ಕೊಂಡು "ನನ್ನನ್ನು ಆಶೀರ್ವದಿಸಿ ಫಾದರ್, ಪಾಪ ಮಾಡಿದೀನಿ, ಹೋದ ಸಲ ಬಂದು ಇಷ್ಟು ವರ್ಷ ಆಯ್ತು" ಅನ್ನಿ. ಎಲ್ಲಾ ಮರ್ತು ಹೋಗಿದೆ ಅಂದ್ರೆ ಅದನ್ನೇ ಹೇಳಿ, ಕೈ ಹಿಡಿದು ನಡೆಸ್ತಾರೆ. ಹೇಳೋಕೆ ಬಹಳ ಕಷ್ಟ ಅನ್ನಿಸೋದನ್ನ ಮೊದಲೇ ಹೇಳಿಬಿಡಿ, ಕೊನೆಗೆ ಇಟ್ಕೊಂಡ್ರೆ ಅಲ್ಲಿವರೆಗೂ ಅದನ್ನೇ ಯೋಚ್ನೆ ಮಾಡ್ತಾ ಬೇರೆ ಮಾತಾಡ್ತಿರ್ತೀರಿ, ಕೆಲವು ಸಲ ಹೇಳ್ದೇನೇ ಎದ್ದು ಬಂದ್ಬಿಡ್ತೀರಿ. ಬೇರೆಯವರ ಹೆಸರು ಬೇಡ. ನಾದಿನಿ ಯಾಕೆ ಹಂಗೆ ಮಾಡಿದ್ಲು ಅನ್ನೋ ಹಿನ್ನೆಲೆ ಕಥೆನೂ ಬೇಡ, ಅದು ಅವಳ ಪಾಪನಿವೇದನೆ ಆಗ್ಬಿಡುತ್ತೆ.

ಫಾದರ್ ಎರಡು ಮಾತು ಹೇಳ್ತಾರೆ, ಒಂದು ಪ್ರಾಯಶ್ಚಿತ್ತ ಕೊಡ್ತಾರೆ, ಪಶ್ಚಾತ್ತಾಪದ ಪ್ರಾರ್ಥನೆ ಹೇಳೋಕೆ ಹೇಳ್ತಾರೆ (ನೆನಪಿಲ್ಲ ಅಂದ್ರೆ ನಿಮ್ಮ ಮಾತಲ್ಲೇ ಕ್ಷಮೆ ಕೇಳಿ), ಕೈ ಚಾಚಿ ಪಾಪಕ್ಷಮೆಯ ಮಾತು ಹೇಳ್ತಾರೆ. ಆ ಮಾತು ಹೇಳುವಾಗ ಮುಂದಿನ ಬಸ್ಸಿನ ಯೋಚ್ನೆ ಬಿಟ್ಟು ಅದನ್ನ ಕೇಳಿ, ನೀವು ಬಂದಿರೋದೇ ಅದಕ್ಕೆ.

ಗುಟ್ಟು ಉಳಿಯುತ್ತಾ ಅನ್ನೋ ಭಯ ಎಲ್ರಿಗೂ ಇರುತ್ತೆ. ಕ್ಯಾಥೊಲಿಕ್ ಸಭೆಯ ಕಾನೂನಾದ ಕ್ಯಾನನ್ ಕಾನೂನಿನ 983ನೇ ವಿಧಿ ಪ್ರಕಾರ ಯಾವ ಕಾರಣಕ್ಕೂ, ಮಾತಲ್ಲಾಗಲಿ ಬೇರೆ ಯಾವ ರೀತಿಯಲ್ಲಾಗಲಿ ಫಾದರ್ ಅದನ್ನ ಹೊರಗೆ ಬಿಡೋ ಹಾಗಿಲ್ಲ, ನೇರವಾಗಿ ಬಿಟ್ರೆ ಆ ಕ್ಷಣಕ್ಕೇ ಸಭೆಯಿಂದ ಬಹಿಷ್ಕಾರ, ಅದನ್ನ ತೆಗೆಯೋ ಅಧಿಕಾರ ರೋಮ್‌ಗೆ ಮಾತ್ರ. 1393ರಲ್ಲಿ ಪ್ರಾಗ್ ನಗರದಲ್ಲಿ ರಾಜನ ಆಜ್ಞೆ ಮೇಲೆ ನದಿಗೆ ಎಸೆದು ಕೊಂದ ಸಂತ ಜಾನ್ ನೆಪೊಮುಕ್, ರಾಣಿಯ ನಿವೇದನೆ ಹೇಳ್ಲಿಲ್ಲ ಅಂತ ಸತ್ತರು ಅನ್ನೋದು ಪರಂಪರೆಯ ಮಾತು, ಅದಕ್ಕೇ ನದಿ ಸೇತುವೆಗಳ ಹತ್ರ ಅವರ ಪ್ರತಿಮೆ ಇಡ್ತಾರೆ.

ಇದನ್ನ ದುರುಪಯೋಗ ಮಾಡೋರೇ ಇಲ್ಲ ಅಂತ ನಾನು ಹೇಳಲ್ಲ. 2018ರಲ್ಲಿ ಕೇರಳದಲ್ಲಿ ಒಬ್ಬ ಮಹಿಳೆಯ ನಿವೇದನೆ ಇಟ್ಕೊಂಡು ಪಾದ್ರಿಗಳು ಬ್ಲ್ಯಾಕ್‌ಮೇಲ್ ಮಾಡಿ ದೌರ್ಜನ್ಯ ಮಾಡಿದ್ರು ಅನ್ನೋ ಆರೋಪ ಬಂತು, ಕೇಸ್ ಆಯ್ತು, ರಾಷ್ಟ್ರೀಯ ಮಹಿಳಾ ಆಯೋಗ ಪಾಪನಿವೇದನೆ ಪದ್ಧತಿನೇ ನಿಲ್ಲಿಸ್ಬೇಕು ಅಂತ ಶಿಫಾರಸು ಮಾಡಿತು, ಸಭೆಗಳವರು ವಿರೋಧಿಸಿದ್ರು. ನಿಲ್ಲಿಸೋದು ಪರಿಹಾರ ಅಂತ ನಂಗೆ ಅನ್ಸಲ್ಲ, ಆದ್ರೆ ಆ ಹೆಣ್ಣುಮಗಳ ಭಯನ ತಳ್ಳಿಹಾಕೋ ಹಾಗೂ ಇಲ್ಲ. ಅದಕ್ಕೇ ಹೇಳ್ತೀನಿ, ಜಾಲರಿ ಇರೋ ಕಡೆ, ಜನ ಓಡಾಡೋ ಚರ್ಚಿನೊಳಗೇ ಮಾಡ್ಕೊಳ್ಳಿ. ಅನಗತ್ಯವಾಗಿ ಕೆದಕಿ ಕೆದಕಿ ಕೇಳಿದ್ರೆ, ಬೇರೆ ಕಡೆ ಸಿಗು ಅಂದ್ರೆ, ಫೋನ್ ನಂಬರ್ ಕೇಳಿದ್ರೆ, ಮಾತು ಅಲ್ಲಿಗೇ ನಿಲ್ಲಿಸಿ ಎದ್ದು ಬನ್ನಿ, ಧರ್ಮಾಧ್ಯಕ್ಷರಿಗೆ ಬರೀರಿ, ಅಪರಾಧ ಆಗಿದ್ರೆ ಪೊಲೀಸರಿಗೂ ಹೇಳಿ. ಬಾಯಿ ಮುಚ್ಕೊಂಡಿರ್ಬೇಕು ಅನ್ನೋ ನಿಯಮ ಇರೋದು ಫಾದರ್‌ಗೆ, ನಿಮಗಲ್ಲ.

ಬಂದ ಮೇಲೆ ಇರೋ ಕೆಲಸ

ಪ್ರಾಯಶ್ಚಿತ್ತಕ್ಕೆ ಪರಲೋಕ ಮಂತ್ರ ಮೂರು, ನಮೋ ಮರಿಯ ಮೂರು ಅಂತ ಪ್ರಾರ್ಥನೆ ಕೊಟ್ಟಿದ್ರೆ ಅಲ್ಲೇ ಕೂತು ಮುಗಿಸಿ, ಆಮೇಲೆ ಅಂದ್ರೆ ಮರೆತು ಹೋಗುತ್ತೆ. ನಿಜವಾದ ಕೆಲಸ ಇರೋದು ಅದಾದ್ಮೇಲೆ. ಬೈಬಲಿನಲ್ಲಿ ಸುಂಕ ವಸೂಲಿ ಮಾಡ್ತಿದ್ದ ಜಕ್ಕಾಯ ಯೇಸುವನ್ನ ಮನೆಗೆ ಕರ್ಕೊಂಡು ಹೋಗಿ ಮೋಸ ಮಾಡಿ ತಗೊಂಡಿದ್ರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ಚೀಟಿ ದುಡ್ಡು ತಿಂದಿದ್ರೆ ಕ್ಷಮೆ ಸಿಕ್ತು ಅಂತ ಸಾಲ ಹೋಗಲ್ಲ, ಒಂದೇ ಸಲ ಆಗ್ಲಿಲ್ಲ ಅಂದ್ರೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಡಿ. ಹಬ್ಬಿಸಿದ ಸುಳ್ಳನ್ನ ಹಬ್ಬಿಸಿದ ಗ್ರೂಪಲ್ಲೇ ಸುಳ್ಳು ಅಂತ ಹೇಳಿ, ನಂಗಂತೂ ಇದು ದುಡ್ಡು ವಾಪಸ್ ಕೊಡೋದಕ್ಕಿಂತ ಕಷ್ಟದ ಕೆಲಸ ಅನ್ಸುತ್ತೆ. ಹಳೇ ಸಂಬಂಧದ ವಿಷಯ ಹೆಂಡತಿಗೋ ಗಂಡನಿಗೋ ಹೇಳ್ಬೇಕಾ ಅನ್ನೋದು ಮಾತ್ರ ಅವಸರದಲ್ಲಿ ತೀರ್ಮಾನ ಮಾಡೋ ಅಂಥದ್ದಲ್ಲ, ಕೆಲವು ಸಲ ನಮ್ಮ ಭಾರ ಇಳಿಸ್ಕೊಳ್ಳೋಕೆ ಇನ್ನೊಬ್ಬರ ತಲೆ ಮೇಲೆ ಹಾಕ್ತಿರ್ತೀವಿ. ಅದನ್ನ ಫಾದರ್ ಹತ್ರಾನೇ ಕೇಳಿ.

ಕ್ಷಮಿಸೋದು ಇನ್ನೊಂದು. ಪರಲೋಕ ಮಂತ್ರದಲ್ಲೇ ನಾವು ಕ್ಷಮಿಸಿದಂತೆ ಅಂತ ಬರುತ್ತಲ್ಲ. ಕ್ಷಮಿಸೋದು ಅಂದ್ರೆ ಹೊಡೆಯೋ ಗಂಡನ ಮನೆಗೆ ವಾಪಸ್ ಹೋಗೋದು ಅಂತಲ್ಲ, ಕೇಸ್ ವಾಪಸ್ ತಗೊಳ್ಳೋದು ಅಂತಾನೂ ಅಲ್ಲ, ಹಾಗಂತ ಒತ್ತಾಯ ಮಾಡೋರಿಂದ ದೂರ ಇರಿ. ಆ ಮನುಷ್ಯನಿಗೆ ಕೆಟ್ಟದಾಗ್ಲಿ ಅಂತ ದಿನಾ ರಾತ್ರಿ ಕೇಳ್ಕೊಳ್ಳೋದನ್ನ ನಿಲ್ಲಿಸೋದ್ರಿಂದ ಶುರು ಮಾಡಿ. ಅದೂ ಆಗ್ತಿಲ್ಲ ಅಂದ್ರೆ "ಕ್ಷಮಿಸೋಕೆ ಇಷ್ಟ ಇಲ್ಲ, ಇಷ್ಟ ಬರೋ ಹಾಗೆ ಮಾಡು" ಅಂತ ಕೇಳಿ, ಅದೂ ಪ್ರಾರ್ಥನೆನೇ.

ಹಳೇ ನೆನಪು ಕಾಡೋರಿಗೆ ಯೋಹಾನ 21ನೇ ಅಧ್ಯಾಯ ಒಳ್ಳೇದು. ಪೇತ್ರ ಕೆಂಡದ ಬೆಂಕಿ ಹತ್ರ ನಿಂತು ಮೂರು ಸಲ ಯೇಸು ಯಾರೋ ಗೊತ್ತಿಲ್ಲ ಅಂದಿದ್ದ, ಪುನರುತ್ಥಾನ ಆದ್ಮೇಲೆ ಇನ್ನೊಂದು ಕೆಂಡದ ಬೆಂಕಿ ಹತ್ರ ಯೇಸು ಅವನನ್ನ ಮೂರು ಸಲ ನನ್ನನ್ನ ಪ್ರೀತಿಸ್ತೀಯಾ ಅಂತ ಕೇಳ್ತಾರೆ. ಅವತ್ತು ಯಾಕೆ ಹಂಗಂದೆ ಅಂತ ಒಂದು ಸಲಾನೂ ಕೇಳಲ್ಲ. ನಿಮ್ಮ ನೆನಪಿನ ಆ ಜಾಗಕ್ಕೆ ಪ್ರಾರ್ಥನೆಯಲ್ಲಿ ವಾಪಸ್ ಹೋಗಿ, ಅಲ್ಲಿ ಅವರು ನಿಮ್ಮನ್ನ ಏನು ಕೇಳ್ತಾರೆ ಅಂತ ಸುಮ್ನೆ ಕೂತು ನೋಡಿ.

ಹೇಳಿದ್ದನ್ನೇ ಮತ್ತೆ ಮತ್ತೆ ಹೇಳೋ ಕಾಟ

ಕೆಲವರಿಗೆ ನಿವೇದನೆ ಮುಗಿಸಿ ಮೆಟ್ಟಿಲು ಇಳಿಯೋ ಹೊತ್ತಿಗೇ ಸರಿಯಾಗಿ ಹೇಳಿದ್ನೋ ಇಲ್ವೋ ಅನ್ನೋ ಸಂಶಯ ಶುರು. ನಾಳೆ ಮತ್ತೆ ಹೋಗ್ತಾರೆ, ನಾಡಿದ್ದು ಇನ್ನೊಬ್ಬ ಫಾದರ್ ಹತ್ರ ಹೋಗ್ತಾರೆ. ಇದು ಭಕ್ತಿ ಜಾಸ್ತಿ ಆಗಿರೋದಲ್ಲ. ಇಗ್ನಾಸಿಯವರೇ 1522ರಲ್ಲಿ ಸ್ಪೇನಿನ ಮೊಂತ್ಸೆರಾತ್ ಮಠದಲ್ಲಿ ಮೂರು ದಿನ ಕೂತು ಇಡೀ ಜೀವನದ ಪಾಪ ಬರೆದು ನಿವೇದನೆ ಮಾಡಿದ್ರು, ಆದ್ರೂ ಮನ್ರೇಸಾ ಊರಿಗೆ ಬಂದ ಮೇಲೆ ಏನೋ ಬಿಟ್ಟುಹೋಗಿದೆ ಅನ್ನೋ ಕಾಟ ತಡೀಲಾರದೆ ರೂಮಿನಲ್ಲಿದ್ದ ಗುಂಡಿಗೆ ಹಾರಿ ಸತ್ತು ಹೋಗೋಣ ಅನ್ನೋವರೆಗೂ ಹೋಗಿದ್ರು. ಸ್ಪಷ್ಟವಾಗಿ ನೆನಪಿರೋದು ಬಿಟ್ಟು ಹಳೇದನ್ನ ಹೇಳ್ಬೇಡ ಅಂತ ಗುರುಗಳು ಹೇಳಿದ್ರೆ ಇವರಿಗೆ ಎಲ್ಲಾನೂ ಸ್ಪಷ್ಟ! ಕೊನೆಗೆ ಹಳೇ ಪಾಪಗಳನ್ನ ಇನ್ನು ಯಾವತ್ತೂ ಹೇಳಲ್ಲ ಅಂತ ತೀರ್ಮಾನ ಮಾಡಿದ ಮೇಲೇನೇ ಬಿಡುಗಡೆ ಆಯ್ತು. ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಕೂಡ ಸನ್ಯಾಸಿಯಾಗಿದ್ದಾಗ ಸ್ಟೌಪಿಟ್ಸ್ ಅನ್ನೋ ಗುರುಗಳ ಹತ್ರ ಗಂಟೆಗಟ್ಟಲೆ ನಿವೇದನೆ ಮಾಡಿ ಅವರನ್ನ ಸುಸ್ತು ಮಾಡ್ತಿದ್ರು.

ನಿಮ್ಮದೂ ಈ ಕೇಸ್ ಅನ್ನಿಸಿದ್ರೆ ಒಬ್ಬರೇ ಗುರುಗಳನ್ನ ಹಿಡ್ಕೊಳ್ಳಿ, ಈ ಕಾಟ ಇದೆ ಅಂತ ಮೊದಲೇ ಹೇಳಿ, ಎಷ್ಟು ದಿನಕ್ಕೊಮ್ಮೆ ಬರ್ಬೇಕು ಅಂತ ಅವರೇ ಹೇಳ್ಲಿ, ಮಧ್ಯದಲ್ಲಿ ಸಂಶಯ ಬಂದ್ರೆ ಹೋಗ್ಬೇಡಿ. ಕೈ ತೊಳೆದಿದ್ದೇ ತೊಳೆಯೋ ಒಸಿಡಿ ಕಾಯಿಲೆಗೂ ಇದಕ್ಕೂ ಹತ್ರದ ಸಂಬಂಧ ಇದೆ, ಅದಕ್ಕೆ ಒಳ್ಳೆ ಚಿಕಿತ್ಸೆನೂ ಇದೆ, ನಿಮ್ಹಾನ್ಸ್‌ನಲ್ಲಿ ನೋಡ್ತಾರೆ. ಬದುಕೋದೇ ಬೇಡ ಅನ್ನಿಸ್ತಿದ್ರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಿ ಬೇಕಾದ್ರೂ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಸಿಎಸ್‌ಐ, ಪೆಂಟೆಕೋಸ್ಟ್, ಬೇರೆ ಸಭೆಯವರಿಗೆ

ನಿಮ್ಮಲ್ಲಿ ಈ ಸಂಸ್ಕಾರ ಇಲ್ಲ ಅಂತ ಇದೆಲ್ಲಾ ನಿಮಗಲ್ಲ ಅಂದ್ಕೋಬೇಡಿ. ಯಾಕೋಬನ ಪತ್ರಿಕೆ 5:16ರಲ್ಲಿ ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡ್ಕೊಳ್ಳಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥನೆ ಮಾಡಿ, ಸ್ವಸ್ಥ ಆಗ್ತೀರಿ ಅಂತಿದೆ, ಅದು ಎಲ್ಲರ ಬೈಬಲ್ಲಲ್ಲೂ ಇದೆ. ಭಾನುವಾರದ ಆರಾಧನೆಯಲ್ಲಿ ಎಲ್ರೂ ಒಟ್ಟಿಗೆ ಹೇಳೋ ಅರಿಕೆ ಒಳ್ಳೇದೇ, ಆದ್ರೆ ಅದ್ರಲ್ಲಿ ನಿಮ್ಮ ಜಮೀನಿನ ಪೇಪರ್ ವಿಷ್ಯ ಬರಲ್ಲ. ಮೆಥೊಡಿಸ್ಟ್ ಸಭೆಗೆ ಮೂಲ ಹಾಕಿದ ಇಂಗ್ಲೆಂಡಿನ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಸಣ್ಣ ಗುಂಪು ಮಾಡಿ ವಾರಕ್ಕೊಮ್ಮೆ ಸೇರಿ, ಹೋದ ಸಲ ಸೇರಿದ ಮೇಲೆ ಗೊತ್ತಿದ್ದೂ ಮಾಡಿದ ಪಾಪ ಯಾವುದು ಅಂತ ಒಬ್ಬರನ್ನೊಬ್ಬರು ಕೇಳೋ ನಿಯಮ ಮಾಡಿದ್ರು. ಅಷ್ಟೆಲ್ಲಾ ಬೇಡ, ನಂಬಿಕಸ್ಥ ಒಬ್ಬರು ಸಾಕು: ಗಂಡಸರಿಗೆ ಗಂಡಸು, ಹೆಂಗಸರಿಗೆ ಹೆಂಗಸು, ಬೇರೆಯವರ ಗುಟ್ಟನ್ನ ನಿಮ್ಮ ಹತ್ರ ಹೇಳ್ದೇ ಇರೋರು. ಯಾರಾದ್ರೂ "ಪ್ರಾರ್ಥನೆ ಮಾಡಿ, ಪಾಪ ಅವರ ಮನೇಲಿ ಹಿಂಗಾಗಿದೆ" ಅಂತ ಊರ ಸುದ್ದಿ ತರ್ತಿದ್ರೆ ಅವರ ಹತ್ರ ಹೇಳ್ಬೇಡಿ. ಮೈಕಲ್ಲಿ ಸಾಕ್ಷಿ ಹೇಳುವಾಗ ಎಲ್ಲಾ ಬಿಚ್ಚಿ ಹೇಳೋದೂ ಬೇಡ, ಈಗ ಎಲ್ಲಾನೂ ಯೂಟ್ಯೂಬ್‌ಗೆ ಹೋಗುತ್ತೆ, ನಿಮ್ಮ ಮಕ್ಕಳ ಕ್ಲಾಸಿನವರೂ ನೋಡ್ತಾರೆ.

ಮನೇಲಿ ರೋಗಿ ಇದ್ರೆ

ಫಾದರ್ ಆಸ್ಪತ್ರೆಗೆ ಬಂದ್ರು ಅಂದ್ರೆ ಮುಗೀತು ಅನ್ನೋ ಭಯದಲ್ಲಿ ಎಷ್ಟೋ ಮನೆಯವರು ರೋಗಿಗೆ ಜ್ಞಾನ ತಪ್ಪೋವರೆಗೂ ಕರೆಸಲ್ಲ. ಯಾಕೋಬ 5:14ರಲ್ಲಿ ನಿಮ್ಮಲ್ಲಿ ಅಸ್ವಸ್ಥರು ಇದ್ರೆ ಸಭೆಯ ಹಿರಿಯರನ್ನ ಕರೆಸಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಇರೋದು, ಸಾಯೋರು ಇದ್ರೆ ಅಂತಲ್ಲ. ದೊಡ್ಡ ಆಪರೇಷನ್ನಿಗೆ ಮುಂಚೆ, ಗಂಭೀರ ಕಾಯಿಲೆ ಶುರುವಾದಾಗ, ವಯಸ್ಸಾಗಿ ತೀರಾ ಬಲ ಕುಂದಿದಾಗ ಕರೆಸಬಹುದು, ಕಾಯಿಲೆ ಜಾಸ್ತಿ ಆದ್ರೆ ಮತ್ತೊಂದು ಸಲಾನೂ ಆಗುತ್ತೆ. ಪವಿತ್ರ ವಾರದಲ್ಲಿ ಧರ್ಮಾಧ್ಯಕ್ಷರು ಆಶೀರ್ವದಿಸಿದ ಎಣ್ಣೆನ ಹಣೆಗೆ, ಕೈಗಳಿಗೆ ಹಚ್ಚಿ ಪ್ರಾರ್ಥಿಸ್ತಾರೆ. ರೋಗಿಗೆ ಪ್ರಜ್ಞೆ ಇದ್ರೆ ಅದಕ್ಕೆ ಮುಂಚೆ ಪಾಪನಿವೇದನೆ ಮಾಡ್ಕೋಬಹುದು, ಆಗ ಮನೆಯವರೆಲ್ಲಾ ರೂಮಿಂದ ಹೊರಗೆ ಬರ್ಬೇಕು, ಅಮ್ಮನಿಗೆ ಕಿವಿ ಕೇಳಲ್ಲ ನಾನು ಪಕ್ಕದಲ್ಲೇ ಇರ್ತೀನಿ ಅಂತ ಮಗಳು ನಿಲ್ಲೋದು ಬೇಡ.

ಕರೆಸೋಕೆ ಧರ್ಮಕೇಂದ್ರದ ಆಫೀಸಿಗೆ ಫೋನ್ ಮಾಡಿ ಆಸ್ಪತ್ರೆ, ವಾರ್ಡ್, ಬೆಡ್ ನಂಬರ್, ವಿಸಿಟಿಂಗ್ ಟೈಮ್ ಹೇಳಿ, ಐಸಿಯು ಆದ್ರೆ ನರ್ಸ್ ಹತ್ರ ಮೊದಲೇ ಪರ್ಮಿಷನ್ ಕೇಳಿಟ್ಟಿರಿ. ಕ್ರೈಸ್ತ ಆಸ್ಪತ್ರೆ ಆದ್ರೆ ಚಾಪ್ಲಿನ್ (ಆಸ್ಪತ್ರೆಗೇ ಅಂತ ಇರೋ ಪಾದ್ರಿ) ಇದ್ದಾರಾ ಅಂತ ಕೇಳಿ. ಪ್ರತಿ ವರ್ಷ ಫೆಬ್ರವರಿ 11, ಲೂರ್ದ್ ಮಾತೆಯ ಹಬ್ಬದ ದಿನ, 1993ರಿಂದ ರೋಗಿಗಳ ವಿಶ್ವ ದಿನ ಅಂತ ಆಚರಿಸ್ತಾರೆ, ಆ ದಿನ ಅನೇಕ ಚರ್ಚುಗಳಲ್ಲಿ ಪೂಜೆಯಲ್ಲೇ ಎಣ್ಣೆ ಹಚ್ಚೋ ವ್ಯವಸ್ಥೆ ಇರುತ್ತೆ, ವೀಲ್‌ಚೇರಲ್ಲಿ ಅಜ್ಜಿನ ಕರ್ಕೊಂಡು ಹೋಗೋರು ರ್‍ಯಾಂಪ್ ಇದೆಯಾ ಅಂತ ಹಿಂದಿನ ದಿನಾನೇ ಕೇಳ್ಕೊಳ್ಳಿ.